ಕಿಟಕಿಗೆ ಬೆನ್ನು ಮಾಡಿದ ಜಾಗ

ಕರಾಕೋಲ್,
೧೪ ಮಾರ್ಚ್ ೨೦೧೧

ಚಿನಾರಾಳಿಗೆ ಅವಳ ಭಾವ ಇಮಾನ್‌ಕುಲ್ ಮಾಡುವ ಆಶೀರ್ವಾದ.

ನಿನ್ನ ಕಾಗದ ಬಂತು. ನನ್ನ ಜೂರಾಕನ್ ತೀರಿಹೋಗಿ ವರ್ಷ ತುಂಬುತ್ತಿದೆ. ಕಿವುಡ ಮಕ್ಕಳಿಗೆ ಕಲಿಸುವ ಶಿಕ್ಷಕರನ್ನು ತಯಾರು ಮಾಡುತ್ತಿದ್ದ ಅವಳ ಕುರ್ಚಿಯಲ್ಲಿ ಈಗ ನೀನು ಕೂತಿದ್ದೀಯ. ಅವಳ ಪಾಠದ ನೋಟ್‌ಬುಕ್ಕುಗಳೂ ಬೇಕಂತೆ. ಕೊಡುವುದಿಲ್ಲ ಎಂದು ಬರೆಯಲೆಂದೇ ನಿನ್ನೆ ಕೂತಿದ್ದೆ.

ಯಾಕೆ ಕೊಡಬೇಕು, ಹೇಳು? ಪ್ರೊಫೆಸರ್ ಆಗಿದ್ದ ಇಪ್ಪತ್ತೆರಡು ವರ್ಷವೂ ಅವಳು ನಿಮ್ಮವಳೇ. ಗುರುವಾರ ಬಂತೆಂದರೆ ಮನೆ ತುಂಬ ನೀವು ಶಿಷ್ಯೆಯರೇ. ಬಿಸಿ ಬೋರ್ಸೋಕ್ ಕರಿದದ್ದು ನಿಮಗೆ, ಏಪ್ರಿಕಾಟ್ ಜಾಮ್ ನಿಮಗೆ. ತಿನ್ನುವ ಮಾತು ಹೋಗಲಿ ಬಿಡು. ಬಾಗಿಲಿಗೆ ಎದುರಾದ ತೋರ್, ಮನೆಯ ಹಿರಿಯ ಕೂರಬೇಕಾದ ಜಾಗ, ಅದೂ ನಿಮಗೆ! ನನ್ನನ್ನು ಮಾತ್ರ ಬಾಗಿಲ ಪಕ್ಕದ ಕಿಟಕಿಗೆ ಬೆನ್ನು ಮಾಡಿ ಕೂರಿಸುತ್ತಿದ್ದಳು, ಚಹಾ ಬಗ್ಗಿಸುವ ಹೊಸ ಸೊಸೆ ಕೂರುವ ಕಡೆ. ನನ್ನ ತಮ್ಮ ಒಮ್ಮೆ ನೋಡಿ, "ಏನಣ್ಣ, ಈ ಮನೆಗೆ ಯಾವಾಗ ಸೊಸೆಯಾಗಿ ಬಂದೆ?" ಎಂದು ನಕ್ಕಿದ್ದ.

ನೀನೇನು ಕಡಿಮೆಯೇ? "ಯಾಕ್ ಭಾವ, ಮುಖ ಗಂಟು ಹಾಕ್ಕೊಂಡಿದೀರಾ? ಅಕ್ಕನ್ನ ನಾವೇನು ಹೊತ್ಕೊಂಡ್ ಹೋಗ್ತೀವಾ?" ಎನ್ನುತ್ತಿದ್ದೆ. ಅದನ್ನೂ ನಿಧಾನವಾಗಿ, ಬಾಯಿ ತೆರೆದು ತೆರೆದು. ಹಿಟ್ಟಿನ ಗಿರಣಿಯವನಿಗೆ ಬುದ್ಧಿ ಮಂದ ಎಂದು ನೀವೆಲ್ಲ ತಿಳಿದಿದ್ದೀರೆಂದು ನಾನು ಒಳಗೇ ಕುದಿಯುತ್ತಿದ್ದೆ. ಕಾಲೇಜಿನ ಇಂಗ್ಲಿಷಿನಲ್ಲಿ ಈ ಸಂಕಟಕ್ಕೆ ಎರಡು ಶಬ್ದ ಕಲಿತಿದ್ದೆ. ಜೆಲಸ್ ಒಂದು, ಇನ್ನೊಂದು ಮರೆತಿದೆ. ಒಂದೇ ಸಾಕಿತ್ತು.

ಕಾಗದ ಬರೆಯುವ ಮೊದಲು, ಅಂಥದ್ದೇನಿದೆ ನೋಡೋಣವೆಂದು ಮೇಲಿನ ನೋಟ್‌ಬುಕ್ ತೆರೆದೆ. ಮೊದಲ ಹಾಳೆಯಲ್ಲೇ ಅವಳ ದುಂಡಕ್ಷರ:

'ಹೊಸ ಶಿಕ್ಷಕಿಯರಿಗೆ ಮೊದಲ ಪಾಠ ನಮ್ಮ ಮನೆಯಲ್ಲಿ. ನಮ್ಮ ಯಜಮಾನರನ್ನು ಕಿಟಕಿಗೆ ಬೆನ್ನು ಮಾಡಿ ಕೂರಿಸುತ್ತೇನೆ. ನೀವು ಎದುರಿಗೆ ಕೂತುಕೊಳ್ಳಿ, ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ. ಗಿರಣಿಯ ಸದ್ದು ಅವರ ಕಿವಿ ತಿಂದಿದೆ. ತುಟಿ ನೋಡಿ ಮಾತು ಹಿಡಿಯುತ್ತಾರೆ. ನಿಮಗೆ ಗೊತ್ತೆಂದು ತೋರಿಸಬೇಡಿ. ನನಗೂ ಗೊತ್ತಿಲ್ಲವೆಂದೇ ಅವರು ನಂಬಿದ್ದಾರೆ.'

ಹೌದು ಚಿನಾರಾ, ನಂಬಿದ್ದೆ. ಕೇಳದ ಮಾತಿಗೆಲ್ಲ ತಲೆಯಾಡಿಸಿ ಗೆದ್ದೆನೆಂದುಕೊಂಡಿದ್ದೆ. ನನ್ನ ಹತ್ತಿರ ಇದ್ದದ್ದು ಒಂದೇ ಗುಟ್ಟು. ಅದನ್ನೂ ಅವಳು ನಿಮಗೆ ಪಾಠ ಮಾಡಿ ಹಂಚಿದಳು! ಇಪ್ಪತ್ತೆರಡು ವರ್ಷ ಎಷ್ಟು ಹುಡುಗಿಯರು ನನ್ನ ಮೇಲೆ ಕೈ ಪಳಗಿಸಿಕೊಂಡು ಹೋದಿರೋ. ನಿನ್ನೆಯಿಂದ ಹೊಟ್ಟೆಕಿಚ್ಚು ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ಅವಳು ನನ್ನ ಬಗ್ಗೆ ಹೀಗೆಲ್ಲ ಯೋಚಿಸುತ್ತಿದ್ದದ್ದು ನಿಮಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ನೋಟ್‌ಬುಕ್ಕುಗಳನ್ನು ಕಟ್ಟಿಟ್ಟಿದ್ದೇನೆ. ಗುರುವಾರ ಬಂದು ತೆಗೆದುಕೊಂಡು ಹೋಗು.

ಇಂತಿ ನಿನ್ನ ಭಾವ,
ಇಮಾನ್‌ಕುಲ್

ತಾ.ಕ.: ಮೊದಲ ಹಾಳೆ ಇರುವುದಿಲ್ಲ, ಕೇಳಬೇಡ. ನಿನಗದು ಬಾಯಿಪಾಠ, ನನಗೆ ಅವಳು ಬರೆದ ಕಾಗದ ಅದೊಂದೇ. ಬಂದಾಗ ತೋರ್‌ನಲ್ಲಿ ನೀನೇ ಕೂತುಕೋ. ಐದು ಗಂಟೆಯೊಳಗೆ ಬಾ, ಆಮೇಲೆ ಆ ಕಿಟಕಿಯಲ್ಲಿ ಬೆಳಕಿರುವುದಿಲ್ಲ.