ಸಾಹೇಬ ಕಲಿತ ಮಾತು

ಮೂಡಲಗಿ
ಜನವರಿ ೨೨, ೧೯೩೯

ಚಿರಂಜೀವಿ ಸೋಮಪ್ಪನಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ಹತ್ತಿ ಗಿರಣಿಯವರು ಕೊಡುತ್ತೇವೆ ಅಂದದ್ದು: ಕುಡಿಯಲು ನೀರು, ವಾರಕ್ಕೊಂದು ದಿನ ಸೂಟಿ, ಹೆಣ್ಣಾಳುಗಳ ಕೂಸು ಮಲಗಿಸಲು ಅರಳೆ ಧೂಳು ತಾಗದ ನೆರಳು. ನೀರು ಕೊಟ್ಟರು. ಸೂಟಿ ನೀನು ಬಂದ ಮೇಲೆ ಕೊಟ್ಟರು. ನೆರಳು ಇನ್ನೂ ಇಲ್ಲ. ಪತ್ರ ತಡವಾಯಿತೆಂದು ಮುನಿಯಬೇಡ, ಕಾರಣ ಕೊನೆಗೆ ಹೇಳುತ್ತೇನೆ.

ಮೊದಲು ನಿನ್ನ ಉಪಕಾರ ನೆನೆಯುತ್ತೇನೆ. ಮುಂಬಯಿಯಲ್ಲಿ ವಿಲಾಯತಿಗೆ ಅರಳೆ ಮಾರುವ ಕಂಪನಿಯಲ್ಲಿ ಕೂತವನು ನಮಗಾಗಿ ರೈಲು ಹತ್ತಿ ಬಂದೆ. ನಾವು ಗಂಟಲು ಹರಿಯುವಂತೆ ಕೂಗಿದರೂ ತೆರೆಯದ ಗೇಟು ನಿನ್ನಿಂದ ತೆರೆಯಿತು.

ಜಗಳ ಹತ್ತಿದ್ದೇ ಒಂದು ಮಾತಿನಿಂದ. ನನ್ನ ಮಗಳು ಪಾರವ್ವ, ಮಾತುಕತೆ ಮುರಿದು ಗಿರಣಿಯ ಇಂಗ್ಲಿಷ್ ಸಾಹೇಬನ ಕೋಣೆಯಿಂದ ಹೆಣ್ಣಾಳುಗಳನ್ನು ಎಬ್ಬಿಸಿಕೊಂಡು ಹೊರಡುವಾಗ "ಬರ್ತೇವ್ರಿ" ಅಂದಳು. ನಾಳೆ ಕೆಲಸಕ್ಕೆ ಬರುತ್ತಾರೆಂದು ಆತ ತಿಳಿದ. ಮರುದಿನ ಒಬ್ಬರೂ ಹೋಗಲಿಲ್ಲ. ಇವರು ಮಾತಿಗೆ ತಪ್ಪುವ ಜನ ಎಂದು ಗೇಟಿಗೆ ಕೀಲಿ ಜಡಿದ.

ನೀನು ಅವನಿಗೆ ಇಂಗ್ಲಿಷಿನಲ್ಲಿ ತಿಳಿಹೇಳಿ ನಮ್ಮ ಕಡೆ ತಿರುಗಿದೆ: "ನಮ್ಮ ಮಂದಿ ಜಗಳಾಡಿ ಎದ್ರೂ ಹೋಗ್ತೇವಿ ಅನ್ನಂಗಿಲ್ಲ, ಬರ್ತೇವಿ ಅಂತಾರ, ಅದು ಕರಾರಲ್ಲ, ರೀತಿ ಅಂತ ಇವ್ರಿಗೆ ಹೇಳೇನಿ. ನೀವೂ ಒಂದು ತಿಳ್ಕೋರಿ. ಅವ್ರ ದೇಶದಾಗ ಬ್ಯಾಡಾದ್ರ ಬಾಯಿಬಿಟ್ಟು ಬ್ಯಾಡ ಅಂತಾರ."

"ಅನ್ನಾಕೇನು? ಇವಗ ಕಿವಿ ಅದಾವೇನ ಕೇಳು ತಮ್ಮಾ," ಅಂದಳು ಪಾರವ್ವ.

ನೀನು ಅದನ್ನೂ ಬಿಡದೆ ಹೇಳಿಬಿಟ್ಟೆಯಲ್ಲೋ! ಸಾಹೇಬ ತನ್ನ ಕಿವಿ ಮುಟ್ಟಿ ನೋಡಿಕೊಂಡು ನಕ್ಕ. ಹೊರಡುವಾಗ ತೊದಲುತ್ತ "ನಾ ಹೋಗ್ತೇನಿ" ಅಂದ.

"ಅಯ್ಯ, ಹಂಗ ಅನಬಾರದ್ರಿ ಸಾಹೇಬ್ರ! ಬರ್ತೇನಿ ಅನ್ರಿ," ಎಂದು ಪಾರವ್ವನೇ ತಿದ್ದಿದಳು. ಹೆಂಗಸರೆಲ್ಲ ನಕ್ಕರು. ಆ ನಗುವಿನಲ್ಲೇ ಗೇಟು ತೆರೆಯಿತು.

ನಾಳೆ ನೀನು ದೊಡ್ಡ ವ್ಯಾಪಾರ ನಡೆಸುವೆ, ಹತ್ತು ದೇಶದವರ ಜೋಡಿ ಕೂಡುವೆ. ಅಲ್ಲಿಯೂ ಹೀಗೇ ಇರು. ಬಡವರ ಬೈಗುಳವನ್ನು ನುಣುಪು ಮಾಡಿ ದಾಟಿಸಬೇಡ. ಬಸವಣ್ಣ ನಿನ್ನನ್ನು ಕಾಯಲಿ.

ನಿನ್ನ ಕಾಕಾ,
ರಾಚಪ್ಪ

ತಾ.ಕ.: ಪಾರವ್ವನ ಕೂಸು ತೀರಿತು. ಧೂಳಿನ ಕೆಮ್ಮು. ಬರೆಯಲು ಕೈ ಏಳಲಿಲ್ಲಪ್ಪ.

ಮಣ್ಣು ಮಾಡಿದ ಮರುದಿನ ಸಾಹೇಬ ಮನೆಗೆ ಬಂದ. ಟೊಪ್ಪಿಗೆ ತೆಗೆದು ತಲೆ ತಗ್ಗಿಸಿ ಕೂತ. ಅಷ್ಟರ ಮಟ್ಟಿಗೆ ಮನುಷ್ಯ. ಏಳುವಾಗ ಕಲಿತ ಮಾತು ಆಡಿದ: "ಬರ್ತೇನಿ."

ಸಾವಿನ ಮನೆಯಲ್ಲಿ ಆ ಮಾತು ಆಡಿದರೆ ಇನ್ನೊಂದು ಸಾವನ್ನು ಕರೆದಂತೆ. ನಿನ್ನ ಕಾಕಿ ಕಿವಿ ಮುಚ್ಚಿಕೊಂಡಳು. ನಾನು ಅವನ ಮೇಲೆ ಕೈಯೆತ್ತಿದೆ. ಪಾರವ್ವ ಹಿಡಿದಳು.

"ಬಿಡಪಾ, ನಾನ ಕಲಿಸಿದ್ದು. ಬರ್ಲಿ. ನೆರಳು ಹಾಕಿಸಿ ಬರ್ಲಿ."

ಆಕೆ ಅಂದದ್ದು ಆತನಿಗೆ ತಿಳಿಯಲಿಲ್ಲ. ನೀನು ಬಂದು ತಿಳಿಸು. ಫೆಬ್ರುವರಿ ೫, ರವಿವಾರ, ಮುಂಜಾನೆ ಎಂಟು ಗಂಟೆಗೆ, ಗಿರಣಿ ಗೇಟಿನ ಮುಂದೆ.