ಬಾಣಂತಿ ಊಟದ ಪಟ್ಟಿಗೆ ಹತ್ತನೆಯ ಸಾಲು

ದಾವಣಗೆರೆ
2137, ಎರಡನೇ ವೈಶಾಖದ ಮೂವತ್ತೆಂಟನೆಯ ದಿನ

ಮುತ್ತಜ್ಜಿ ಸಿಂಚನಾ ಅವರಿಗೆ, ಕೊಟ್ರಮ್ಮ ಮಾಡುವ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಮುಗಿಯುವುದನ್ನೇ ಬಿಟ್ಟಾಗ ನಮ್ಮ ಹಿರಿಯರು ವೈಶಾಖವನ್ನು ಎರಡು ಮಾಡಿ, ಎರಡನ್ನೂ ಉದ್ದ ಮಾಡಿದರು. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನನಗೆ ಐವತ್ತೊಂಬತ್ತು, ನಿಮಗಿನ್ನೂ ಇಪ್ಪತ್ತೆಂಟು. ಮಗಳ ವಯಸ್ಸಿನವರನ್ನು ಮುತ್ತಜ್ಜಿ ಎನ್ನಲು ನನಗೂ ಮುಜುಗರವೇ, ಆದರೆ ನಿಮ್ಮ ಹೊಟ್ಟೆಯಲ್ಲಿ ಈಗ ಒದೆಯುತ್ತಿರುವುದು ನನ್ನ ಅಜ್ಜಿ. ಈ ಕಾಗದ ಹಿನ್ನಂಚೆಯಲ್ಲಿ ಬರುತ್ತದೆ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆಯಲ್ಲಿ. ಒಬ್ಬರಿಗೆ ಜೀವಮಾನಕ್ಕೆ ಒಂದೇ ಹಾಳೆ, ಅದೂ ನೂರು ವರ್ಷಕ್ಕಿಂತ ಈಚೆಗೆ ತಲುಪುವುದಿಲ್ಲ. ತಲುಪುವ ಹಾಗಿದ್ದರೆ ಈ ಹಾಳೆ ನಿಮಗೆ ಸಿಗುತ್ತಿರಲಿಲ್ಲ, ಇಪ್ಪತ್ತೇಳು ವರ್ಷದ ಹಿಂದಿನ ನನಗೇ ಬರೆದುಕೊಳ್ಳುತ್ತಿದ್ದೆ.

ನೀವೀಗ ಬಾಣಂತಿ ಊಟ ಮನೆಗೆ ತಲುಪಿಸುವವರಿಗೆಲ್ಲ ಫೋನ್ ಮಾಡುತ್ತಾ, ಕ್ಯಾಲೆಂಡರ್ ಹಾಳೆಯ ಹಿಂಬದಿಗೆ ಪ್ರಶ್ನೆಗಳನ್ನು ಬರೆದುಕೊಳ್ಳುತ್ತಿದ್ದೀರಿ. ಊಟ ಬಿಸಿಯಾಗಿ ಬರುತ್ತದೆಯೇ, ಅಕ್ಕಿ ಹಳೆಯದೇ, ಸಾರಿಗೆ ಕಾಳುಮೆಣಸು ಹಾಕುತ್ತಾರೋ ಹಸಿಮೆಣಸಿನಕಾಯಿಯೋ, ಸಬ್ಬಸಿಗೆ ಸೊಪ್ಪು ವಾರಕ್ಕೆಷ್ಟು ಸಲ, ಅಂಟಿನುಂಡೆಯ ತುಪ್ಪ ಎಲ್ಲಿಯದು. ಹೀಗೆ ಒಟ್ಟು ಒಂಬತ್ತು. ಆ ಹಾಳೆ ಈಗ ಗಾಜಿನ ಚೌಕಟ್ಟಿನೊಳಗೆ, ನಮ್ಮ ದೇವರ ಜಗಲಿಯ ಪಕ್ಕದಲ್ಲಿದೆ. ಅಜ್ಜಿಯೂ ಅಮ್ಮನೂ ಬಾಣಂತನಕ್ಕೆ ಊಟದವರನ್ನು ಆರಿಸಿದ್ದು ಅದನ್ನು ಹಿಡಿದೇ. ನನ್ನ ತಂಗಿ ನಾಗವೇಣಿಗೆ ನಾನು ಆರಿಸಿದ್ದೂ ಅದನ್ನು ಹಿಡಿದೇ.

ನಮ್ಮ ಬಾಣಂತನ ಹೇಗಿರುತ್ತದೆ ಎಂದು ಹೇಳಬೇಕು. ಜ್ವರಗಳ ಕಾಲ ಬಂದ ಮೇಲೆ ತಾಯಿ ಮಗುವನ್ನು ನಲವತ್ತು ದಿನ ಗಾಜಿನ ಕೋಣೆಯಲ್ಲಿ ಇಡುತ್ತಾರೆ. ಒಳಗೆ ಬಾಣಂತಿಯ ಹೆತ್ತವ್ವನೂ ಹೋಗುವಂತಿಲ್ಲ. ಸಾಂಬ್ರಾಣಿ ಹೊಗೆ ಕೊಳವೆಯಲ್ಲಿ ಬರುತ್ತದೆ, ಎಣ್ಣೆ ತಿಕ್ಕುವುದೊಂದು ಯಂತ್ರ, ಎದೆಹಾಲು ಸಾಲದೆ ಹೋದರೆ ತೊಟ್ಟಿಲಿಗೇ ಹಾಲಿನ ನಳಿಕೆ ಇದೆ. ಊಟ ಮಾತ್ರ ಹೊರಗಿನವರದು. ನಾಗವೇಣಿಯ ಹೊತ್ತಿಗೆ ನನ್ನ ಮುಂದೆ ಇದ್ದವರು ಇಬ್ಬರು. ಒಬ್ಬರದು ಹೊಗೆಯಾಡುವ ಡಬ್ಬಿ, ಹನ್ನೆರಡು ನಿಮಿಷದಲ್ಲಿ ಗೋಡೆಯ ಕಿಂಡಿಗೆ ಬಂದು ಕೂರುತ್ತಿತ್ತು. ಡಬ್ಬಿ ಮರಳಿದಾಗ ಕಿಂಡಿಯೇ ಅದನ್ನು ತೂಗಿ, ಬಾಣಂತಿ ಎಷ್ಟು ಉಂಡಳೆಂದು ಮನೆಯವರಿಗೆ ತಿಳಿಸುತ್ತಿತ್ತು. ಇನ್ನೊಂದು ಕೂರುವವರ ಊಟ. ವಯಸ್ಸಾದ ಹೆಂಗಸೊಬ್ಬಳು ಬುತ್ತಿ ಹೊತ್ತು ನಡೆದು ಬಂದು, ಗಾಜಿನ ಆಚೆ ನೆಲದ ಮೇಲೆ ಕೂತು, ಬಾಣಂತಿ ಉಂಡು ಏಳುವವರೆಗೂ ಅಲ್ಲೇ ಇರುತ್ತಿದ್ದಳು. ಆಕೆ ಬರುವಷ್ಟರಲ್ಲಿ ಸಾರು ಉಗುರುಬೆಚ್ಚಗಾಗುತ್ತಿತ್ತು. ನಿಮ್ಮ ಮೊದಲ ಪ್ರಶ್ನೆಗೇ ಅವರು ಬಿದ್ದರು. ನಾನು ಕಿಂಡಿಯವರನ್ನು ಆರಿಸಿದೆ, ಆರಿಸಿ ಹೆಮ್ಮೆಪಟ್ಟೆ ಕೂಡ.

ದಿನಕ್ಕೆ ಮೂರು ಸಲ ನನಗೆ ಸುದ್ದಿ ಬರುತ್ತಿತ್ತು: ಊಟ ಪೂರ್ತಿಯಾಗಿದೆ. ನಾನು ಕರೆ ಮಾಡಿದರೆ ಅವಳೂ ಅದನ್ನೇ ಹೇಳುತ್ತಿದ್ದಳು. "ಉಂಡೆ ಕಣಕ್ಕ, ಚಲೋ ಇತ್ತು. ಡಬ್ಬಿ ತೊಳ್ದು ಇಟ್ಟೀನಿ." ಆ ಕೊನೆಯ ಮಾತು ನನ್ನ ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ನಮ್ಮ ಮನೆಯ ಹೆಣ್ಣುಮಕ್ಕಳು ಪರರ ಪಾತ್ರೆಯನ್ನು ಎಂಜಲು ಮಾಡಿ ಹಿಂದಿರುಗಿಸುವವರಲ್ಲ, ಅದು ನಿಮ್ಮಿಂದಲೇ ಬಂದದ್ದು. ಏಳಲಾಗದ ಸ್ಥಿತಿಯಲ್ಲೂ ಅವಳು ಎದ್ದು, ಒಂದು ತುತ್ತೂ ಮುಟ್ಟದ ಅನ್ನ ಸಾರನ್ನು ಬಚ್ಚಲಿಗೆ ಸುರಿದು, ಡಬ್ಬಿಯನ್ನು ಫಳಫಳ ಬೆಳಗಿ ಕಿಂಡಿಯಲ್ಲಿಡುತ್ತಿದ್ದಳು. ಕಿಂಡಿಗೆ ಗೊತ್ತಿದ್ದುದು ತೂಕವೊಂದೇ.

ಹೆರಿಗೆಯ ನಂತರ ಕವಿಯುವ ಆ ಮಂಕಿಗೆ ನಿಮ್ಮ ಕಾಲದಲ್ಲಿ ಹೆಸರಾದರೂ ಇತ್ತಂತೆ. ಎದುರಿಗೆ ಕೂತವರಿಗೆ ಮಾತ್ರ ಕಾಣುವ ಕಾಯಿಲೆ ಅದು. ನಾವು ಎದುರಿಗೆ ಕೂರುವುದನ್ನು ಬಿಟ್ಟೆವು, ಹೆಸರೂ ಮರೆತುಹೋಯಿತು. ಮೂವತ್ತೊಂದನೆಯ ದಿನ ಬೆಳಿಗ್ಗೆ ನಾಗವೇಣಿ ಏಳಲಿಲ್ಲ. ಕೋಣೆ ತೆರೆದಾಗ ಬಚ್ಚಲು ಕಟ್ಟಿತ್ತು. ಕೋಣೆ ತೆರೆದವರು ಅದರಿಂದ ತೆಗೆದ ಅನ್ನವನ್ನು ನಾನು ಕಣ್ಣಾರೆ ಕಂಡಿದ್ದೇನೆ, ಸಬ್ಬಸಿಗೆ ಎಳೆಗಳ ಸಮೇತ. ಅಂದಿನಿಂದ ಆ ಸೊಪ್ಪು ನಮ್ಮ ಮನೆಯೊಳಗೆ ಬಂದಿಲ್ಲ.

ಮಗು ಉಳಿಯಿತು. ಮುಕ್ತಾ ಎಂದು ಹೆಸರಿಟ್ಟು ನಾನೇ ಸಾಕಿದೆ. ಈಗ ಅವಳಿಗೆ ಇಪ್ಪತ್ತೇಳು, ತುಂಬು ಬಸುರಿ, ಇನ್ನು ಹನ್ನೊಂದು ದಿನಕ್ಕೆ ಗಾಜಿನ ಕೋಣೆ ಸೇರಬೇಕು. ಊರಿನಲ್ಲಿ ಕೂರುವವರು ಇನ್ನೂ ನಾಲ್ಕು ಜನ ಉಳಿದಿದ್ದಾರೆ, ಅವರಿಗೇ ಹೇಳೋಣ ಎಂದು ಗೋಗರೆದೆ. ಮುಕ್ತಾ ಚೌಕಟ್ಟನ್ನು ಕೆಳಗಿಳಿಸಿ ನನ್ನ ಮುಂದೆ ಇಟ್ಟಳು. "ನೀನ್ ಆರಿಸಿದ್ ಊಟದಾಗೇ ನಮ್ಮವ್ವ ಹೋಗಿದ್ದು, ದೊಡ್ಡವ್ವ. ನಿನ್ ಮಾತು ಬ್ಯಾಡ, ಮುತ್ತಜ್ಜಿ ಬರ್ದಿದ್ದು ಸಾಕು ನಂಗೆ." ಅಂದು ನಾನೂ ನಂಬಿದ್ದು ನೀವು ಬರೆದದ್ದನ್ನೇ; ಚೌಕಟ್ಟನ್ನು ಒರೆಸಿ ಮತ್ತೆ ಅದರ ಜಾಗದಲ್ಲೇ ಇಟ್ಟೆ. ಒಂಬತ್ತು ಪ್ರಶ್ನೆಗೂ ಸರಿಯುತ್ತರ ಕೊಟ್ಟವರು ಮತ್ತೆ ಆ ಕಿಂಡಿಯವರೇ.

ನಿಮ್ಮನ್ನು ದೂರುತ್ತಿಲ್ಲ, ಅಷ್ಟು ದೊಡ್ಡ ಬಾಯಿ ನನಗಿಲ್ಲ. ನೀವು ಉಣ್ಣುವಾಗ ನಿಮ್ಮ ಅತ್ತೆ ತಟ್ಟೆಯ ಎದುರು ಕೂತು, ಇನ್ನೊಂದು ತುತ್ತು, ಇನ್ನೊಂದು ತುತ್ತು ಎಂದು ಪ್ರಾಣ ತಿನ್ನುತ್ತಿದ್ದರಂತೆ. ನಿಮಗೆ ಅದರಿಂದ ರೇಗುತ್ತಿತ್ತಂತೆ. ಇದ್ದೇ ಇರುವುದನ್ನು ಪಟ್ಟಿಯಲ್ಲಿ ಯಾರು ಕೇಳುತ್ತಾರೆ? ನೀವೂ ಕೇಳಲಿಲ್ಲ.

ಈಗ ಕೇಳಿ, ತಾಯಿ. ಹತ್ತನೆಯ ಸಾಲಾಗಿ ಇಷ್ಟು ಬರೆಯಿರಿ: ಅವಳು ಉಣ್ಣುವಾಗ ಎದುರಿಗೆ ಕೂರುವವರು ಯಾರು? ನನ್ನ ಮಾತಾದರೆ ಮುಕ್ತಾ ಒಪ್ಪುವುದಿಲ್ಲ, ನಿಮ್ಮ ಕೈಬರಹವಾದರೆ ಒಪ್ಪುತ್ತಾಳೆ. ಆ ಸಾಲು ಅಲ್ಲಿದ್ದಿದ್ದರೆ ನಾನೂ ಒಪ್ಪುತ್ತಿದ್ದೆ. ಆಗ ನಾಗವೇಣಿ...

ಹಿನ್ನಂಚೆ ಕಚೇರಿಯವನು ನನ್ನನ್ನು ನೋಡಿ ನಕ್ಕ. ಮುತ್ತಜ್ಜಿ ಬರೆಯುವವರಾಗಿದ್ದರೆ ಆ ಸಾಲು ಮನೆಯಲ್ಲಿರುವ ಹಾಳೆಯಲ್ಲಿ ಈಗಾಗಲೇ ಇರಬೇಕಿತ್ತಲ್ಲ ಎಂದ. ಅವನ ಲೆಕ್ಕ ಸರಿಯಿರಬಹುದು. ಒಂಬತ್ತನೆಯ ಸಾಲಿನ ಕೆಳಗೆ ನೀವು ಎರಡು ಬೆರಳಷ್ಟು ಜಾಗ ಬಿಟ್ಟಿದ್ದೀರಿ. ಇವತ್ತು ಬೆಳಿಗ್ಗೆಯೂ ಗಾಜು ಒರೆಸಿ ನೋಡಿದೆ, ಖಾಲಿಯೇ ಇದೆ. ನಾಳೆಯೂ ಒರೆಸುತ್ತೇನೆ.

ನಿಮ್ಮ ಮಗಳ ಮೊಮ್ಮಗಳು,
ಕೊಟ್ರಮ್ಮ