ದೊರೆ ನನ್ನ ಕೈಯಿಂದ ತಿನ್ನುತ್ತಿಲ್ಲ

ನಂಜನಗೂಡು
೧೦ ಜೂನ್ ೨೦೨೪

ರಾಜೇಂದ್ರನಿಗೆ, ಜೈಭೀಮ್.

ಫೋನಿನಲ್ಲಿ ನಾನು ಮಾತು ಮುಗಿಸುವ ಮೊದಲೇ ‘ಮೀಟಿಂಗಲ್ಲಿದೀನಿ’ ಎಂದು ಕತ್ತರಿಸುತ್ತೀಯ. ಕಾಗದವನ್ನು ಹಾಗೆ ಕತ್ತರಿಸಲು ಬರುವುದಿಲ್ಲ. ನೀನು ಮನೆ ಬಿಟ್ಟು ನರಸೀಪುರದ ಸಂಘದ ಆಫೀಸು ಸೇರಿ ಹದಿನಾಲ್ಕು ತಿಂಗಳಾಯಿತು. ಅದರ ಬಗ್ಗೆ ಬರೆಯುತ್ತಿಲ್ಲ. ನಿನ್ನ ನಾಯಿಯ ಬಗ್ಗೆ ಬರೆಯುತ್ತಿದ್ದೇನೆ.

ದೊರೆಗೆ ಹದಿಮೂರು ತುಂಬಿತು. ಎರಡೂ ಕಣ್ಣಿಗೆ ಪೊರೆ, ಕಿವಿ ಮಂದ. ಮೂಲೆಗೆ ಮುಖ ಕೊಟ್ಟು ಗಂಟೆಗಟ್ಟಲೆ ನಿಲ್ಲುತ್ತದೆ, ಗೋಡೆಯೇ ಬಾಗಿಲು ತೆಗೆಯಬೇಕು ಅನ್ನುವ ಹಾಗೆ. ಉಚ್ಚೆ ಎಲ್ಲೆಂದರಲ್ಲಿ. ಕಾರ್ಖಾನೆಗೆ ಹೋಗುವ ಮುಂಚೆ ನೆಲ ಒರೆಸುತ್ತೇನೆ, ಶಿಫ್ಟು ಮುಗಿಸಿ ಬಂದು ಮತ್ತೆ ಒರೆಸುತ್ತೇನೆ. ಮೊನ್ನೆ ಗೋಣಿ ಹೊದಿಸಲು ಹೋದರೆ ಮುಂಗೈ ಕಚ್ಚಿತು. ನೀನು ನನ್ನ ಪಾಲಿಗೆ ಬಿಟ್ಟುಹೋದ ಇನ್ನೊಂದು ಜೀವ, ನಿನ್ನ ಅವ್ವ ಮಂಚಮ್ಮ, ಗಾಯಕ್ಕೆ ಅರಿಸಿನ ಒತ್ತುತ್ತಾ ಹೇಳಿದರು: “ಅದ್ಕೇನ್ ಗೊತ್ತಾದದು ಬುಡವ್ವ. ನನ್ ಮಗ್ನಂಗೇಯ, ಮನೇವ್ರನ್ನೇ ಮರ್ತುಬುಟ್ಟದೆ.”

ಇದನ್ನೆಲ್ಲ ಸಹಿಸಬಹುದು. ಐದು ದಿನದಿಂದ ಅದು ನೀರು ಬಿಟ್ಟು ಏನೂ ಮುಟ್ಟುತ್ತಿಲ್ಲ.

ಯಾಕೆಂದು ನಿನಗೆ ಗೊತ್ತಿರಬೇಕು. ನಾವು ಹಳ್ಳಿಯಲ್ಲಿದ್ದಾಗ, ಅಂಬೇಡ್ಕರ್ ಭವನದ ಜಾಗಕ್ಕೆ ಮೇಲುಬೀದಿಯವರೊಡನೆ ಜಗಳವಾದ ವರ್ಷ, ನಮ್ಮ ಹಳೇ ನಾಯಿಗೆ ಯಾರೋ ವಿಷವಿಟ್ಟರು. ಆಮೇಲೆ ತಂದ ಈ ಮರಿಗೆ ನೀನು ದೊರೆ ಎಂದು ಹೆಸರಿಟ್ಟೆ. ಮೇಲುಬೀದಿಯವರು ಹಾದುಹೋಗುವಾಗಲೇ “ಲೇ ದೊರೆ, ಬಾಲ ಅಲ್ಲಾಡ್ಸ್ಕಂಡ್ ಬಾರ್ಲಾ” ಎಂದು ಕೂಗುವುದು ನಿನ್ನ ಖುಷಿ. ನಾನೂ ನಕ್ಕಿದ್ದೇನೆ, ಇಲ್ಲ ಅನ್ನುವುದಿಲ್ಲ. ಅನ್ಯರ ಕೈಯಿಂದ ತುತ್ತು ಮುಟ್ಟಬಾರದೆಂದು ನೀನು ಅದಕ್ಕೆ ಪಾಠ ಮಾಡಿದೆ. ಆ ಅನ್ಯರ ಪಾತ್ರ ಯಾರಿಗೆ ಕೊಟ್ಟೆ? ನನಗೆ. ನಾನು ಮಾಂಸದ ಚೂರು ಹಿಡಿದು ಕರೆಯಬೇಕು, ಅದು ಬಾಯಿ ಹಾಕಿದರೆ ನೀನು ಮೂತಿಗೆ ಬಾರಿಸಬೇಕು. ಒಂದು ತಿಂಗಳು ಇದೇ ನಡೆಯಿತು. ನಾನು ಮನೆಯವಳು ಎಂಬುದನ್ನು ಆಮೇಲೆ ಕಲಿಸಿದೆವು.

ಈಗ ಆ ಆಮೇಲಿನ ಪಾಠ ಅಳಿಸಿಹೋಗಿದೆ, ಮೊದಲಿನದು ಉಳಿದಿದೆ. ನಾನು ಅನ್ನ ಹಿಡಿದರೆ ಏಟು ಬಿದ್ದಂತೆ ಹಿಂದೆ ಸರಿಯುತ್ತದೆ. ತಟ್ಟೆಯಲ್ಲಿಟ್ಟರೂ ಮೂಸಿ ದೂರ ಹೋಗುತ್ತದೆ, ಅವ್ವ ಇಟ್ಟರೂ ಅಷ್ಟೆ. ವೈರಿ ಯಾರೆಂದು ತಿಳಿದು ಹೋರಾಡಬೇಕು ಎಂದು ಊರೂರಲ್ಲಿ ಭಾಷಣ ಮಾಡುವವನು ನೀನು. ಅಭ್ಯಾಸಕ್ಕೆ ಸಿಕ್ಕ ವೈರಿ ಹೆಂಡತಿ.

ಪಶು ಡಾಕ್ಟರು ಮಹಾದೇವಸ್ವಾಮಿ ಬಂದು ನೋಡಿದರು. “ವಯಸ್ಸಾದೋರ್ಗೆ ಮರೆವು ಬರಲ್ವಾ, ಅಂಗೇ ಕಣಮ್ಮ. ಭಾನುವಾರದ್ ಗಂಟ ನೋಡವ. ಆಗ್ಲೂ ತಿನ್ನಲಿಲ್ಲ ಅಂದ್ರೆ ಸೂಜಿ ಹಾಕ್ಬುಡವ. ನರಳ್ಸೋದು ಬ್ಯಾಡ” ಅಂದರು. ಅವ್ವ ಸೆರಗು ಬಾಯಿಗಿಟ್ಟುಕೊಂಡು ಹಿತ್ತಲಿಗೆ ಹೋದರು.

ಬುದ್ಧನ ಕರುಣೆಯ ಬಗ್ಗೆ ಮೈಕಿನ ಮುಂದೆ ಮುಕ್ಕಾಲು ಗಂಟೆ ಮಾತಾಡುತ್ತೀಯಲ್ಲ, ಅದರಲ್ಲಿ ಒಂದು ಬಕೆಟ್ಟಿನಷ್ಟು ಇಲ್ಲಿಗೂ ತಾ. ಭಾನುವಾರ ಬೆಳಿಗ್ಗೆಯೇ ಬಸ್ಸು ಹತ್ತು. ನಿನ್ನ ಕೈಯಿಂದ ತಿಂದರೆ ಬದುಕಲಿ. ತಿನ್ನದಿದ್ದರೆ, ಸೂಜಿ ಹಾಕುವಾಗ ತಲೆ ಹಿಡಿದುಕೊಳ್ಳಬೇಕಾದವನು ನೀನು. ಕೊಲ್ಲುವ ತೀರ್ಮಾನವನ್ನೂ ನನ್ನ ತಲೆಗೆ ಕಟ್ಟಿ ಅದಕ್ಕೆ ಸ್ತ್ರೀ ಸಮಾನತೆ ಎಂದು ಹೆಸರಿಡಬೇಡ.

ಮನೆಗೆ ವಾಪಸು ಕರೆಯುತ್ತಿದ್ದಾಳೆ ಎಂದುಕೊಳ್ಳಬೇಡ. ನಾಯಿಗೋಸ್ಕರ ಕರೆಯುತ್ತಿದ್ದೇನೆ, ಅಷ್ಟೆ.

ನೆಲ ಒರೆಸಿ ಸೊಂಟ ಬಿದ್ದಿರುವ
ರಂಜಿನಿ

ಮರೆತ ಮಾತು: ಬರೆದ ಮೇಲೆ ಎರಡು ದಿನ ಇದನ್ನು ಅಂಚೆಗೆ ಹಾಕಲಿಲ್ಲ. ನಿನ್ನೆ ಸಂಜೆ, ತೊಳೆಯದೆ ಟ್ರಂಕಿನಲ್ಲಿಟ್ಟಿದ್ದ ನಿನ್ನ ನೀಲಿ ಅಂಗಿ ತೊಟ್ಟು, ತೋಳನ್ನು ಬೆರಳವರೆಗೆ ಎಳೆದುಕೊಂಡು ಅನ್ನ ಹಿಡಿದೆ. ದೊರೆ ತೋಳು ಮೂಸಿತು. ಬಟ್ಟಲು ಖಾಲಿ ಮಾಡಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿತು. ಇವತ್ತು ಬೆಳಿಗ್ಗೆಯೂ ತಿಂದಿತು. ಭಾನುವಾರ ಬರುವುದು ಬೇಡವೆಂದು ಡಾಕ್ಟರಿಗೆ ಹೇಳಿ ಕಳಿಸಿದೆ. ಈ ಕಾಗದವನ್ನು ಮಾತ್ರ ಹರಿಯಲಿಲ್ಲ.